ಮೊದಲ ದಿನದ ರುಂಬಾ

ಫ್ರೆಂಡ್ಸ್, ಇವತ್ತು ಆಕ್ಲೆಂಡ್‌ನ ನಮ್ಮ ಯೂನಿವರ್ಸಿಟಿ ಡ್ಯಾನ್ಸ್ ಕ್ಲಬ್‌ನಲ್ಲಿ ರುಂಬಾ ಕಲಿಸಿದರು.

"ಇದು ಕ್ಯೂಬಾದಲ್ಲಿ ಆಫ್ರಿಕಾದ ಗುಲಾಮರ ಡೋಲಿನ ಜೊತೆ ಹುಟ್ಟಿದ್ದು, ಪ್ರೇಮದ ಡ್ಯಾನ್ಸ್. ಅವಳು ಹತ್ತಿರ ಬಂದು, ಕಾಡಿಸಿ, ದೂರ ಹೋಗ್ತಾಳೆ. ನೀನು ಕಣ್ಣು ಕೀಳದೆ ನೋಡ್ಬೇಕು" ಎಂದರು ಟೀಚರ್.

ಕಂಡ ಹುಡುಗಿಯರನ್ನೆಲ್ಲ ಸಿಸ್ಟರ್ ಎನ್ನಬೇಕೆಂದು ವಾರ್ಡನ್ ಬೆತ್ತ ಹಿಡಿದು ಕಲಿಸಿದ ಹಾಸ್ಟೆಲ್‌ನಲ್ಲಿ ಬೆಳೆದವನಿಗೆ ಎಷ್ಟು ಸುಲಭ ನೋಡಿ!

ಜೋಡಿಯಾಗಿ ಸಿಕ್ಕವಳು ನಮ್ಮ ಕ್ಲಾಸಿನ, ನೆಲ್ಸನ್ ಊರಿನ ಎಮ್ಮಾ. ಅವಳನ್ನು ಮಾತಾಡಿಸಬೇಕೆಂದೇ ನಾನು ಈ ಕ್ಲಬ್ ಸೇರಿದ್ದು. ಸೊಂಟ ತಿರುಗಿಸಲು ಹೋಗಿ ಅವಳ ಕಾಲು ತುಳಿದೆ. ಗಾಬರಿಯಲ್ಲಿ "ಸಾರಿ, ಸಿಸ್ಟರ್!" ಎಂದುಬಿಟ್ಟೆ.

"ನೋ ವರೀಸ್, ಬ್ರದರ್!" ಎಂದು ನಕ್ಕು, ಮುಂದಿನ ಹಾಡಿಗೆ ಬೇರೊಬ್ಬನ ಕೈ ಹಿಡಿದಳು.

ನಾನು ಕಣ್ಣು ಕೀಳದೆ ನೋಡಿದೆ. ಟೀಚರ್ ಹೇಳಿಕೊಟ್ಟದ್ದರಲ್ಲಿ ಅದೊಂದು ಮಾತ್ರ ಪರ್ಫೆಕ್ಟಾಗಿ ಬಂತು.