ಮ್ಯಾನೇಜರ್ ಪುಟ್ಟಸ್ವಾಮಿಯವರ ತಾರೀಕು

"ನಾಳೆ ಬರ್ತೀನಿ ಸಾರ್" ಅಂದರೆ ನಮ್ಮ ಮ್ಯಾನೇಜರ್ ಪುಟ್ಟಸ್ವಾಮಿಯವರು ಕನ್ನಡಕವನ್ನು ಹಣೆಗೇರಿಸಿ, "ಯಾವ ವರ್ಷ? ಅದ್ನ ಮೊದ್ಲು ಹೇಳಪ್ಪ" ಎನ್ನುತ್ತಿದ್ದರು. ಹೊಸಬರು ತಬ್ಬಿಬ್ಬಾಗುತ್ತಿದ್ದರು. ಹಳಬರಾದ ನಾವು ವರ್ಷ, ತಿಂಗಳು, ದಿನ ಎಂದು ಒಪ್ಪಿಸಿ ಪಾರಾಗುತ್ತಿದ್ದೆವು.

ಅವರು ಹುಟ್ಟಿನಿಂದ ಹೀಗಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಗುಬ್ಬಿಯ ತೆಂಗಿನ ನಾರಿನ ಮ್ಯಾಟ್ ಫ್ಯಾಕ್ಟರಿಯೊಂದರಲ್ಲಿ ನಾನು ಟೈಪಿಸ್ಟ್. ಅಮೆರಿಕದ ಗಿರಾಕಿಯೊಬ್ಬರು ಫ್ಯಾಕ್ಟರಿ ನೋಡಲು 05/06ರಂದು ಬರುವುದಾಗಿ ಫ್ಯಾಕ್ಸ್ ಕಳಿಸಿದರು. ಅವರು ಒಪ್ಪಿದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಅರ್ಧ ಜನ ಮನೆಗೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು. "ಜೂನ್ ಐದು. ಇನ್ನೂ ಟೈಮೈತೆ, ಸುಣ್ಣ ಆಮೇಲ್ ಹೊಡ್ಸಣ ಬುಡು" ಎಂದ ಪುಟ್ಟಸ್ವಾಮಿಯವರು ಮೇ ಆರಕ್ಕೆ ಮಗಳ ಮದುವೆ ಇಟ್ಟುಕೊಂಡರು. ಆ ದಿನ ಫ್ಯಾಕ್ಟರಿಗೆ ರಜೆ ಕೊಟ್ಟು ನಮ್ಮನ್ನೆಲ್ಲ ಕುಣಿಗಲ್ಲಿನ ಛತ್ರಕ್ಕೆ ಸಾಗಿಸಿದರು.

ಮುಹೂರ್ತಕ್ಕೆ ಇನ್ನೆರಡು ಗಂಟೆ ಇದೆ ಎನ್ನುವಾಗ ಛತ್ರಕ್ಕೆ ವಾಚ್‌ಮನ್ ಫೋನ್ ಮಾಡಿದ. ಬೀಗ ಹಾಕಿದ ಗೇಟಿನ ಮುಂದೆ ಬಿಳಿ ದೊರೆಯೊಬ್ಬರು ನಿಂತಿದ್ದಾರಂತೆ. ಅವರ ಕಡೆ ತಿಂಗಳನ್ನು ಮೊದಲು ಬರೆಯುತ್ತಾರೆ ಎಂಬುದು ನಮಗೆ ಹೊಳೆದದ್ದೇ ಆಗ. ಪುಟ್ಟಸ್ವಾಮಿಯವರು ಪೇಟ ಸರಿಮಾಡಿಕೊಂಡು ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಧಾರೆ ಎರೆಯೋನು ನಾನು, ನಾನೆಲ್ಲಿಗ್ಲಾ ಬರ್ಲಿ? ಬಂದ ಟ್ಯಾಕ್ಸೀಲೇ ಅವ್ರನ್ನ ಇಲ್ಲಿಗ್ ಕರ್ಕಂಡ್ ಬಾ. ಮ್ಯಾಟ್ ನಾಳೆ ನೋಡ್ಲಿ."

ಬಂದವರಿಗೆ ಕುಂಕುಮ ಇಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಪುರೋಹಿತರು ಸಂಕಲ್ಪ ಶುರು ಮಾಡಿದರು. ಸಂವತ್ಸರದಿಂದ ಹೊರಟು ಅಯನ, ಋತು, ಮಾಸ, ಪಕ್ಷ ದಾಟಿ ತಿಥಿಗೆ ಬರುವಷ್ಟರಲ್ಲಿ ಪುಟ್ಟಸ್ವಾಮಿಯವರು, "ಒಸಿ ತಡೀರಿ ಸ್ವಾಮಿ" ಎಂದು ಅವರನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಕೇಳುಸ್ಕಂಡೇನಯ್ಯ? ವರ್ಷ ಮೊದ್ಲು, ಆಮೇಲ್ ತಿಂಗ್ಳು, ಕೊನೇಗ್ ದಿನ. ದೇವ್ರಿಗೂ ಕನ್‌ಫ್ಯೂಸ್ ಆಗ್ದಂಗೆ ಹೇಳ್ತಾವ್ರೆ. ಇನ್ಮೇಲ್ ನಮ್ ಫ್ಯಾಕ್ಸೂ ಹಿಂಗೇ." ಮುಹೂರ್ತ ಮೀರುತ್ತದೆಂದು ಹೆಂಡತಿ ಪಕ್ಕೆಗೆ ತಿವಿದರು.

ಊಟದ ಎಲೆಯ ಮುಂದೆ ನಾನು ಇದನ್ನೇ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ. ದೊರೆ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ, ವರ್ಷಕ್ಕೆ ನಾಲ್ಕಂಕಿ ಇರಲಿ ಎಂದಷ್ಟೇ ಸೇರಿಸಿ ಒಪ್ಪಿದರು. ಮರುದಿನ ಸುಣ್ಣ ಕಾಣದ ಗೋಡೆಗಳ ನಡುವೆ ಮ್ಯಾಟ್ ನೋಡಿ ಆರ್ಡರನ್ನೂ ಕೊಟ್ಟರು. ನಮ್ಮಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ.

ನಿವೃತ್ತರಾಗಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನೆಲೆಸಿದ ಮೇಲೆ ಪುಟ್ಟಸ್ವಾಮಿಯವರು ಒಮ್ಮೆ ಆಫೀಸಿಗೆ ಬಂದಿದ್ದರು. "ಮನೇಗ್ ಅವರೆಕಾಳ್ ಸಾರಿಗ್ ಬಾರಯ್ಯ. ಎರಡ್ ಸಾವ್ರದ ಎಂಟು, ಜನವರಿ, ಇಪ್ಪತ್ತು. ಭಾನ್ವಾರ. ಹಿಂದ್‌ಮುಂದ್ ಮಾಡ್ಕಬ್ಯಾಡ" ಎಂದು ಹೇಳಿ ಹೋದರು.

ಸಂಕ್ರಾಂತಿಯ ಮರುದಿನ ಎದೆನೋವು ಬಂದು ತೀರಿಕೊಂಡರು. ಇಷ್ಟು ಅವಸರ ಅವರ ಸ್ವಭಾವವಲ್ಲ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

ಇಪ್ಪತ್ತನೇ ತಾರೀಕು ಯಾವ ಗೊಂದಲವೂ ಇಲ್ಲದೆ ಬಂತು. ನಾನು ಸ್ನಾನ ಮಾಡಿ, ಇಸ್ತ್ರಿಯ ಶರ್ಟು ಹಾಕಿಕೊಂಡು, ಹೋಗುವುದೆಲ್ಲಿಗೆ ಎಂದು ತಿಳಿಯದೆ ಮಧ್ಯಾಹ್ನದವರೆಗೆ ಜಗಲಿಯ ಮೇಲೆ ಕೂತಿದ್ದೆ.