ಓಣಿಯಲ್ಲಿ ಸಿಕ್ಕಿಬಿದ್ದ ಪಾತಿ ದೋಣಿ

ಹೊನ್ನಾವರದ ದೊಡ್ಡ ರಂಗಮಂದಿರಕ್ಕೆ ಇಂಟರ್ನ್ ಆಗಿ ಸೇರಿದ ಮೊದಲ ವಾರ ನಾನು ಹೆಡ್‌ಸೆಟ್ಟನ್ನು ಕೊರಳಿಂದ ತೆಗೆದದ್ದೇ ಕಡಿಮೆ. ಒಂದು ದಿನ ಅದನ್ನು ಹಾಕಿಕೊಂಡೇ ಬಸ್ ಹತ್ತಿ ಕುಮಟಾದ ಮನೆಗೆ ಬಂದುಬಿಟ್ಟೆ. ಕಿವಿ ನೋವಾ ಎಂದು ಅಮ್ಮ ಕೇಳಿದಳು.

ನಮ್ಮದು ಮೀನಿನ ಮನೆ. ಅಪ್ಪ ಬೋಟಿಗೆ ಹೋಗುವವನು. ಸೋದರಮಾವನ ಹೆಂಡತಿ, ನನ್ನ ಅತ್ತೆ, ಹೊನ್ನಾವರದ ಬಂದರಿನಲ್ಲಿ ಮೀನು ಮಾರುತ್ತಾಳೆ. ನಾಟಕ ಆಡುವವರು ಇರುತ್ತಾರೆಂದು ಅವರಿಗೆಲ್ಲ ಗೊತ್ತಿತ್ತು. ಪರದೆ, ದೀಪ, ಸಾಮಾನು, ಜನ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಒದಗಿಸುವುದೂ ಒಂದು ಉದ್ಯೋಗ ಎಂದು ನಂಬಿಸುವಷ್ಟರಲ್ಲಿ ನನಗೆ ಸಾಕಾಗಿಹೋಗಿತ್ತು.

ಆ ಕೆಲಸ ಕಲಿಸುತ್ತಿದ್ದ ಪ್ರೊಡಕ್ಷನ್ ಮ್ಯಾನೇಜರ್ ಕತಗಾಲದ ಕಡೆಯವರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದೆವು. ಸಮಾಧಾನದಲ್ಲಿದ್ದಾಗ ಅವರದು ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಗಾಬರಿಯಾದರೆ ಮಾತ್ರ ಮನೆಮಾತಾದ ಹವ್ಯಕ ಕನ್ನಡ ಹೊರಗೆ ಬರುತ್ತಿತ್ತು.

ಭಟ್ಕಳದ ತಂಡವೊಂದು ಅಂಬಿಗನೊಬ್ಬನ ಕಥೆಯನ್ನು ನೃತ್ಯನಾಟಕ ಮಾಡಿತ್ತು. ಅವರು ತಂದಿದ್ದ ಥರ್ಮೊಕೋಲಿನ ದೋಣಿ ದೀಪದ ಕೆಳಗೆ ಮಾವಿನಹಣ್ಣಿನ ಹೋಳಿನಂತೆ ಕಂಡಿತು. ನಿರ್ದೇಶಕರು ತಲೆ ಮೇಲೆ ಕೈಯಿಟ್ಟು ಕೂತರು. ಮರ ಕೊರೆದು ಮಾಡಿದ ಮಾವನ ಹಳೆಯ ಪಾತಿ ದೋಣಿ ದಡದಲ್ಲಿ ಸುಮ್ಮನೆ ಬಿದ್ದಿದೆ, ತರಿಸಲೇ ಎಂದು ನಾನು ಕೇಳಿಯೇಬಿಟ್ಟೆ. ಅಕ್ಕ ಟೇಪು ಕೊಟ್ಟು ಅಳತೆ ತೆಗೆದು ಬಾ ಎಂದರು. ದೋಣಿಯನ್ನು ಎರಡು ಸಲ ಅಳೆದೆ, ಹಿಂಬಾಗಿಲನ್ನು ಮೂರು ಸಲ ಅಳೆದೆ. ಬಾಗಿಲಿನಿಂದ ರಂಗಕ್ಕೆ ಹೋಗುವ ಓಣಿ ನಡುವೆ ತಿರುಗುತ್ತದೆ ಎಂಬುದನ್ನು ಮಾತ್ರ ಮರೆತೆ.

ಭಾನುವಾರ ನಾಲ್ಕಕ್ಕೆ ಪ್ರದರ್ಶನ. ಒಂದೂವರೆಗೆ ದೋಣಿ ಟೆಂಪೊದಲ್ಲಿ ಬಂತು. ಆರು ಜನ ಹೊತ್ತರು. ಬಾಗಿಲನ್ನು ಸಲೀಸಾಗಿ ದಾಟಿತು, ತಿರುವಿನಲ್ಲಿ ಗಕ್ಕನೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದರ ಆಚೆ ಬಣ್ಣದ ಕೋಣೆ, ಕೋಣೆಯೊಳಗೆ ಅರ್ಧ ಮುಖಕ್ಕೆ ಬಣ್ಣ ಹಚ್ಚಿಕೊಂಡ ಹದಿನಾಲ್ಕು ನರ್ತಕಿಯರು. ಅವರು ಒಬ್ಬೊಬ್ಬರಾಗಿ ಬಂದು ದೋಣಿಯ ಮೇಲಿಂದ ನಮ್ಮನ್ನು ಇಣುಕಿ ನೋಡತೊಡಗಿದರು.

ಅಕ್ಕ ದೋಣಿಯನ್ನು ನೋಡಿದರು, ನನ್ನನ್ನು ನೋಡಿದರು.

"ಎಂತ ಮಾಡವು ಈಗ? ಯಂಗೆ ತಲೆ ಓಡ್ತಾ ಇಲ್ಲೆ."

ಅಳಬೇಕಾದ ಹೊತ್ತು ಅದು. ನನಗೆ ನಗು ಬಂತು. ತಡೆದಷ್ಟೂ ಉಕ್ಕಿತು. ಆಚೆ ಕಡೆಯ ಹುಡುಗಿಯೊಬ್ಬಳೂ ಕಿಸಕ್ಕನೆ ನಕ್ಕಳು. ಆಮೇಲೆ ಹದಿನಾಲ್ಕೂ ಜನ ನಕ್ಕರು, ಹೊತ್ತವರು ನಕ್ಕರು, ಕೊನೆಗೆ ನಿರ್ದೇಶಕರೂ ಗೋಡೆಗೆ ಒರಗಿಕೊಂಡು ನಕ್ಕರು. ಕಣ್ಣೊರೆಸಿಕೊಂಡು ನಾನು ಅತ್ತೆಗೆ ಫೋನು ಮಾಡಿದೆ.

ಅರ್ಧ ತಾಸಿಗೆ ಅತ್ತೆ ರಿಕ್ಷಾದಲ್ಲಿ ಬಂದಳು. ಸೆರಗು ಸಿಕ್ಕಿಸಿಕೊಂಡು ದೋಣಿಯ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಕತ್ತೆತ್ತಿ ಮೇಲೆ ನೋಡಿದಳು. ಎತ್ತರದ ಸಾಮಾನು ಸಾಗಿಸಲೆಂದು ಆ ಓಣಿಯ ಚಾವಣಿಯನ್ನು ಬಹಳ ಎತ್ತರಕ್ಕೆ ಕಟ್ಟಿದ್ದರು. ದಿನಾ ಅಲ್ಲೇ ಓಡಾಡುವ ನಮ್ಮಲ್ಲಿ ಒಬ್ಬರೂ ತಲೆಯೆತ್ತಿರಲಿಲ್ಲ.

"ಮಲಗ್ಸಿಕಂಡು ತಿರ್ಗ್ಸೂಕೆ ಆತಿಲ್ಲ. ಮೂತಿ ಮೇಲೆ ಮಾಡಿ ನಿಲ್ಸಿ" ಎಂದಳು.

ಹಳೆಯ ಪರದೆಗಳನ್ನು ನೆಲಕ್ಕೆ ಹಾಸಿದೆವು. ಅತ್ತೆ ಎಣಿಸಿದಳು, ಎಲ್ಲರೂ ನೂಕಿದೆವು. ಮೂರನೆಯ ಸಲಕ್ಕೆ ಪಾತಿ ನೆಟ್ಟಗೆ ಎದ್ದು ನಿಂತು, ಗೋಡೆಯ ಸುಣ್ಣವನ್ನಷ್ಟು ಕೆರೆದು, ತಿರುವು ದಾಟಿತು. ನರ್ತಕಿಯರು ಚಪ್ಪಾಳೆ ತಟ್ಟಿದರು. ಅಕ್ಕನ ಪುಸ್ತಕದ ಕನ್ನಡ ಮರಳಿ ಬಂತು. ಗಾಲಿಯ ಹಲಗೆ ತರಲು ಹೇಳಿದರು, ಹೆಡ್‌ಸೆಟ್ಟಿನಲ್ಲಿ ಎಲ್ಲರನ್ನೂ ಅವರವರ ಜಾಗಕ್ಕೆ ಕಳಿಸಿದರು, ಅತ್ತೆಗೆ ಮೂರನೆಯ ಸಾಲಿನಲ್ಲಿ ಕುರ್ಚಿ ಕೊಡಿಸಿದರು.

ಕೊನೆಯ ದೃಶ್ಯಕ್ಕೆ ಮುಂಚೆ ಅಕ್ಕ ದೀಪ, ಸಾಮಾನಿನವರಿಗೆ ಯಾವಾಗ ಸೂಚನೆ ಕೊಡಬೇಕೆಂದು ಕ್ಯೂ ಬರೆದ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ದೋಣಿ ತಂದವಳು ನೀನು. ಈ ಕ್ಯೂ ನೀನೇ ಕೊಡು."

ಹಾಡಿನ ಸಾಲು ಮುಗಿಯುವುದನ್ನೇ ಕಾದು "ಗೋ" ಎಂದೆ. ಬೆಕ್ಕಿನ ಮರಿ ಕೂಗಿದ ಹಾಗೆ ಕೇಳಿಸಿತಂತೆ. ಆದರೆ ನೀಲಿ ಬೆಳಕು ಬಂತು! ನಾನು ಅಂದದ್ದಕ್ಕೇ ಬಂತು. ಬೆಳಕಿನೊಳಗೆ ಮಾವನ ಪಾತಿ ಮೆಲ್ಲಗೆ ಜಾರುತ್ತ ಬಂತು. ಸಭಾಂಗಣವಿಡೀ ಒಟ್ಟಿಗೆ ಉಸಿರೆಳೆದುಕೊಂಡದ್ದು ನಾನಿದ್ದಲ್ಲಿಗೂ ಕೇಳಿಸಿತು. ಕುಣಿಯಬೇಕೆನಿಸಿತು. ಮೈಕು ಆನ್ ಇದ್ದುದರಿಂದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಲ್ಲೇ ಜಿಗಿದೆ.

ಪರದೆ ಬಿದ್ದ ಮೇಲೆ ಅತ್ತೆ ನೇರ ರಂಗದ ಮೇಲೆ ಹತ್ತಿದಳು. ಮೆಚ್ಚುಗೆ ಹೇಳಲು ಬಂದಿದ್ದಾಳೆಂದು ಅಂಬಿಗನ ಪಾತ್ರದವನು ಕೈಮುಗಿದ. ಅವಳು ಅವನ ಕೈಯಿಂದ ಹುಟ್ಟು ಇಸಿದುಕೊಂಡಳು.

"ಚಂದ ಕುಣ್ದೆ ಮಗಾ. ಆದ್ರೆ ಹುಟ್ಟು ಉಲ್ಟಾ ಹಿಡ್ದಿದ್ದೆ."

ಅವಳು ದೋಣಿಯಲ್ಲಿ ಕೂತು ಹುಟ್ಟು ಹಾಕಿ ತೋರಿಸಿದಳು. ಅವನು ಎದುರಿಗೆ ಕೂತು ಕಲಿತ. ನರ್ತಕಿಯರು ಗೆಜ್ಜೆ ಬಿಚ್ಚುವುದನ್ನು ಬಿಟ್ಟು ಸುತ್ತ ನೆರೆದರು. ಆಮೇಲೆ ತಮಗೂ ಒಂದೊಂದು ಸಲ ಕೊಡಿ ಎಂದು ಸಾಲು ನಿಂತರು. ದೀಪ ಆರಿಸಲೇ ಎಂದು ಲೈಟಿನವರು ಹೆಡ್‌ಸೆಟ್ಟಿನಲ್ಲಿ ನನ್ನನ್ನೇ ಕೇಳಿದರು. ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದೆ.