ಮುಂದಿನ ವಾರದ ಮೇಷ್ಟ್ರು

ಕಾರಿನ ಬಂಪರಿನಡಿಯ ಪ್ಲಾಸ್ಟಿಕ್ ಪಟ್ಟಿಗೆ ಏರ್ ಡ್ಯಾಮ್ ಎಂಬ ಘನವಾದ ಹೆಸರಿದ್ದರೂ ಮೇಷ್ಟ್ರ ಬಾಯಲ್ಲಿ ಅದು ಬರೀ ‘ಗದ್ದ’. ಗದ್ದ ಅರ್ಧ ಹರಿದು ಜೋತುಬಿದ್ದಾಗಿನಿಂದ, ರಿಪೇರಿ ಮಾಡಿಸಲೋ ಬೇಡವೋ ಎಂದು ಅವರು ಕೇಳದೆ ಬಿಟ್ಟ ಒಂದು ನರಪಿಳ್ಳೆಯೂ ಇಲ್ಲ. ಹಲ್ಲಿನ ಡಾಕ್ಟರ ಹತ್ತಿರವೂ “ಗದ್ದ ಜೋತಿದೆ, ಏನ್ಮಾಡ್ಲಿ?” ಎಂದರು, ಡಾಕ್ಟರು ಪಾಪ, ಇವರದೇ ಗದ್ದ ಹಿಡಿದು ಎತ್ತಿ ನೋಡಿದರು. ಮೆಕ್ಯಾನಿಕ್ಕು “ಎರಡು ಸ್ಕ್ರೂ ಸಾಕು ಸಾರ್, ಈಗ್ಲೇ ಹಾಕ್ಕೊಡ್ತೀನಿ” ಎಂದು ಗೋಗರೆದರೂ ಮೇಷ್ಟ್ರದು ಒಂದೇ ರಾಗ: “ಮುಂದಿನ ವಾರ ನೋಡೋಣಪ್ಪ.” ಅಸಲು ಸಂಗತಿಯೇ ಬೇರೆ. ಮನೆಯ ಗೇಟಿನ ಉಬ್ಬು ಹತ್ತುವಾಗ ಗದ್ದ ಕರ್ರೆಂದು ಉಜ್ಜುತ್ತದೆ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಹೆಂಡತಿ ಆ ಸದ್ದಿಗೆ ಮೊದಮೊದಲು ಎದ್ದು ಕೂತರು, ಆಮೇಲೆ ಗೋಡೆ ಹಿಡಿದು ಹೊಸಿಲ ತನಕ ಬರತೊಡಗಿದರು. ನಿನ್ನೆ ಕೋಲೂರಿಕೊಂಡು ಗೇಟಿಗೇ ಬಂದು ನಿಂತಿದ್ದರು. ಕಾಯಿಲೆ ಬಿದ್ದಮೇಲೆ ಗಂಡನನ್ನು ಬೈಯುವುದನ್ನೇ ಮರೆತಿದ್ದ ಆಕೆ, ಜೋತ ಪಟ್ಟಿಯನ್ನು ಕಂಡದ್ದೇ ಮುಖ ಸಿಂಡರಿಸಿದರು: “ಥೂ, ಏನ್ರೀ ಇದರ ಅವತಾರ! ಮೊದ್ಲು ಸರಿಮಾಡಿಸ್ಕೊಂಡು ಬನ್ನಿ!” ಮೇಷ್ಟ್ರು ಕಾರಿನಿಂದ ಇಳಿಯಲೂ ಇಲ್ಲ. ಹಾಗೇ ಹಿಂದಕ್ಕೆ ತಿರುಗಿಸಿ ಗ್ಯಾರೇಜಿಗೆ ಓಡಿಸಿದರು. ಮೆಕ್ಯಾನಿಕ್ಕಿನೆದುರು ಕುಣಿಯುವುದೊಂದು ಬಾಕಿ: “ಈಗ್ಲೇ ಹಾಕಪ್ಪ, ಮನೇಲಿ ಬೈಸ್ಕೊಂಡು ಬಂದಿದೀನಿ!”